ಸುಳಿ ಕೊಯ್ದು ಕವಲು ಕೇಳಬೇಡಿ

ಹೋದ ಬೇಸಿಗೆಯಲ್ಲಿ ಬೆಂಗಳೂರಿನ ಒಂದು ಮನೆಯಿಂದ ಫೋನ್ ಬಂತು. 'ಮರಜರಿ ಚಿಗುರ್ತಾ ಇಲ್ಲ, ಯಾವ ಗೊಬ್ಬರ ಹಾಕ್ಲಿ?' ಮರಜರಿ ಎಂದರೆ ಟ್ರೀ ಫರ್ನ್, ಮರದಂತೆ ಎತ್ತರಕ್ಕೆ ಬೆಳೆಯುವ ಜರಿಗಿಡ. ಹೋಗಿ ನೋಡಿದರೆ ಗಿಡಕ್ಕೆ ತಲೆಯೇ ಇಲ್ಲ! ನಾಲ್ಕಡಿ ಎತ್ತರದಲ್ಲಿ ಗರಗಸ ಹಾಕಿ ನೀಟಾಗಿ ಕೊಯ್ದಿದ್ದರು. ಕೊಯ್ದ ಜಾಗಕ್ಕೆ ಸಗಣಿ ಮೆತ್ತಿ, ಮೇಲೊಂದು ಪ್ಲಾಸ್ಟಿಕ್ ಕವರ್ ಬೇರೆ. ಗರಿಗಳು ಕಿಟಕಿಗೆ ಬಡಿಯುತ್ತಿದ್ದವಂತೆ. 'ತುದಿ ಕತ್ತರಿಸಿದ್ರೆ ಪಕ್ಕದಲ್ಲಿ ಕವಲೊಡೆದು ದಟ್ಟ ಆಗುತ್ತೆ ಅಲ್ವಾ? ದಾಸವಾಳ ಆಗಲ್ವಾ?'

ಅವರದು ಸಾಗರದ ಕಡೆಯ ಅಡಿಕೆ ತೋಟದ ಮನೆತನ. ನನಗೆ ಸಿಟ್ಟು ಬಂದದ್ದು ಅದಕ್ಕೇ. 'ನಿಮ್ಮ ತೋಟದ ಅಡಿಕೆ ಮರದ ಸುಳಿ ಕೊಯ್ದರೆ ಏನಾಗುತ್ತೆ ಸಾರ್?' ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಇದೂ ಹಾಗೇನಾ?' ಎಂದರು.

ಹಾಗೇ. ದಾಸವಾಳದಲ್ಲಿ ಒಂದೊಂದು ಎಲೆಯ ಕಂಕುಳಲ್ಲೂ ಮೊಗ್ಗು ಮಲಗಿರುತ್ತದೆ. ತುದಿ ಹೋದರೆ ಅವು ಏಳುತ್ತವೆ. ಮರಜರಿಯಲ್ಲಿ ಬೆಳವಣಿಗೆಯೆಲ್ಲ ನೆತ್ತಿಯ ಒಂದೇ ಸುಳಿಯಲ್ಲಿ. ಕಾಂಡ ಎಂದು ನೀವು ತಟ್ಟಿ ನೋಡುವುದು ಮರದ ದಿಮ್ಮಿಯಲ್ಲ. ಒಳಗೆ ಸಣ್ಣ ದಂಟು, ಹೊರಗೆ, ಅದರಲ್ಲೂ ಬುಡದ ಕಡೆ, ಬೇರುಗಳ ದಪ್ಪ ಹೊದಿಕೆ. ಕೆಲವು ಜಾತಿಗಳು ಬುಡದಲ್ಲಿ ಮರಿ ಹಾಕುವುದುಂಟು. ಅದನ್ನು ನಂಬಿ ಗರಗಸ ಎತ್ತಬೇಡಿ ಅಷ್ಟೇ.

ಒಮ್ಮೆ ಸ್ಟೂಲ್ ಹಾಕಿಕೊಂಡು ನೆತ್ತಿಯೊಳಗೆ ಇಣುಕಿ. ಮುಂದೆ ಬರಬೇಕಾದ ಗರಿಗಳು ಚಕ್ಕುಲಿಯಂತೆ ಸುರುಳಿ ಸುತ್ತಿಕೊಂಡು, ಮೈತುಂಬ ಹೊಟ್ಟಿನಂಥ ರೋಮ ಹೊದ್ದು ಕೂತಿರುತ್ತವೆ. ನೋಡಿ, ಮುಟ್ಟಬೇಡಿ. ಆ ಹೊಟ್ಟು ಕಣ್ಣಿಗೆ ಬಿದ್ದರೆ ಉರಿ, ಚರ್ಮಕ್ಕೆ ತಾಗಿದರೆ ತುರಿಕೆ. ಕೆಳಗೆ ಜೋತುಬಿದ್ದ ಒಣಗರಿ ಕತ್ತರಿಸುವಾಗಲೂ ಗ್ಲೌಸ್, ಕನ್ನಡಕ ಇರಲಿ. ಕತ್ತರಿಸಬಹುದಾದ್ದು ಆ ಒಣಗರಿಗಳನ್ನು ಮಾತ್ರ.

ಇಷ್ಟು ಹೇಳಿದ ಮೇಲೂ ಯಾರಾದರೊಬ್ಬರು ಮೊಬೈಲ್ ತೆಗೆದು ವಿಡಿಯೋ ತೋರಿಸುತ್ತಾರೆ. ವಿದೇಶದಲ್ಲಿ ಬುಡ ಕೊಯ್ದ ತುಂಡನ್ನೇ ನೆಟ್ಟು ಚಿಗುರಿಸುತ್ತಾರಲ್ಲ ಅಂತ. ಅದು ಡಿಕ್ಸೋನಿಯ ಅಂಟಾರ್ಕ್ಟಿಕ ಎಂಬ ಬೇರೆ ಮರಜರಿ, ಟಾಸ್ಮೇನಿಯ ಮತ್ತು ಆಗ್ನೇಯ ಆಸ್ಟ್ರೇಲಿಯಾದ ತಂಪು ಕಾಡಿನದು. ಅಲ್ಲೂ ಕೊಯ್ಯುವುದು ಬುಡ, ನೆಡುವುದು ಸುಳಿ ಇರುವ ಮೇಲಿನ ತುಂಡು! ನಮ್ಮಲ್ಲಿ ಬೆಳೆಸುವ ಸಯಾಥಿಯಾ ಕುಲದ ಮರಜರಿಗಳಿಗೆ ಆ ಆಟ ಬೇಡ. ಪಶ್ಚಿಮ ಘಟ್ಟದ ಹಳ್ಳದ ಬದಿಯಲ್ಲಿ, ಕಪ್ಪು ದಂಟು ಚಾಚಿ ನಿಲ್ಲುವ ಸಯಾಥಿಯಾ ಜೈಗಾಂಟಿಯಾವನ್ನು ಕಿತ್ತು ತಂದವರನ್ನೂ ಕಂಡಿದ್ದೇನೆ. ಗಿಡ ಬದುಕುವುದು ಅಪರೂಪ. ರಿಸರ್ವ್ ಫಾರೆಸ್ಟಿನಿಂದಾದರೆ ಕೇಸೂ ಬೀಳುತ್ತದೆ. ನರ್ಸರಿಯಲ್ಲಿ ಬೀಜಕಣದಿಂದ ಬೆಳೆಸಿದ ಸಸಿ ತನ್ನಿ.

ತರುವ ಮೊದಲು ಟೇಪ್ ಹಿಡಿಯಿರಿ. ಆಸ್ಟ್ರೇಲಿಯಾ ಮೂಲದ ಸಯಾಥಿಯಾ ಕೂಪರಿ ಜಾತಿಯ ಒಂದು ಗರಿಯೇ 3 ಮೀಟರ್ ದಾಟಬಹುದು. ಎರಡೂ ಕಡೆ ಹರಡಿದರೆ ಹೆಚ್ಚುಕಡಿಮೆ 20 ಅಡಿ. ನಿಮ್ಮದು 30-40 ಸೈಟು. ಲೆಕ್ಕ ನೀವೇ ಹಾಕಿ. ಗರಗಸದ ಕಥೆ ಶುರುವಾಗುವುದು ಗಿಡ ನೆಟ್ಟ ದಿನವೇ.

ಉಳಿದದ್ದು ನಿಮಗೆ ಗೊತ್ತಿರುವುದೇ. ಅರೆನೆರಳು, ಎಲೆಗೊಬ್ಬರ, ನೀರು ನಿಲ್ಲದ ಮಣ್ಣು. ಮಾರ್ಚ್-ಏಪ್ರಿಲ್‌ನ ಒಣಗಾಳಿಯಲ್ಲಿ ಬುಡದ ಜೊತೆಗೆ ಕಾಂಡವನ್ನೂ ನೆನೆಸಿ. ಹಾಂ, ಎಲೆಯ ಹಿಂದೆ ಸಾಲಾಗಿ ಕಂದು ಚುಕ್ಕೆ ಕಂಡರೆ ಹೆಚ್ಚಿನ ಸಲ ಅದು ಹುಳವಲ್ಲ, ಬೀಜಕಣದ ಗೂಡು. ಔಷಧಿ ಹೊಡೆಯುವ ಮೊದಲು ನನಗೊಂದು ಫೋನ್ ಮಾಡಿ.

ಆ ಸಾಗರದವರ ಮೋಟು ಮತ್ತೆ ಚಿಗುರಲಿಲ್ಲ. ಕಿತ್ತು ಹಾಕುತ್ತೇನೆ ಎಂದರು. ಬೇಡ, ಅದರ ನಾರು ಆರ್ಕಿಡ್‌ಗೆ ಬಹಳ ಇಷ್ಟ ಎಂದು ಹೇಳಿ ಒಂದು ಡೆಂಡ್ರೋಬಿಯಂ ಕಟ್ಟಿಸಿದೆ. ಮಳೆಗಾಲ ಮುಗಿಯುವಷ್ಟರಲ್ಲಿ ಬೇರು ಕಚ್ಚಿಕೊಂಡಿತು. ಮೊನ್ನೆ ಅವರ ಹೆಂಡತಿ ಫೋಟೋ ಕಳಿಸಿದ್ದರು. ಕೆಳಗೆ ಒಂದೇ ಸಾಲು: 'ಗರಗಸ ಬಚ್ಚಿಟ್ಟಿದ್ದೇನೆ.'