ಪೈಪನ್ನು ಕೆಳಗೆ ಹಿಡಿದಿರೋದು ಯಾರು?

ಪ್ಲಾಂಟಿನ ಪೈಪ್ ತನ್ನ ತೂಕ, ಪ್ರೆಶರ್, ಬಿಸಿ ತಾಳುತ್ತದೆಯೇ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ ಮಾಡೆಲ್ ಆಗಾಗ ನನ್ನ ಮೇಜಿಗೆ ಬರುತ್ತಲೇ ಇರುತ್ತದೆ. ರಿಪೋರ್ಟ್ ಅಚ್ಚುಕಟ್ಟಾಗಿರುತ್ತದೆ. ಸ್ಟ್ರೆಸ್ ಎಲ್ಲ ಮಿತಿಯೊಳಗೆ, ನಾಝಲ್ (ಪಂಪಿನಂಥ ಯಂತ್ರಕ್ಕೆ ಪೈಪ್ ಸೇರುವ ಬಾಯಿ) ಮೇಲಿನ ಲೋಡೂ ಪಾಸ್. "ಸರ್, ಮೊದಲು ಎರಡು ಕಡೆ ಲಿಫ್ಟ್-ಆಫ್ ಇತ್ತು, ಸರಿ ಮಾಡಿದ್ದೀನಿ" ಎಂಬ ಮಾತೂ ಜೊತೆಗಿರುತ್ತದೆ. ಲಿಫ್ಟ್-ಆಫ್ ಅಂದರೆ ಪೈಪ್ ತನ್ನ ಸಪೋರ್ಟ್ ಬಿಟ್ಟು ಮೇಲೇಳುವುದು. ಹೇಗೆ ಸರಿ ಮಾಡಿದ್ರಿ ಅಂತ ಕೇಳಿದರೆ, "ಪ್ಲಸ್ ವೈ ಇತ್ತು, ಬರೀ ವೈ ಮಾಡಿದೆ."

ಕೂಡುವ ಚಿಹ್ನೆಯೊಂದನ್ನು ಅಳಿಸಿದ ಕೂಡಲೇ ಪೈಪ್ ತೆಪ್ಪಗೆ ಕೂತುಬಿಡುತ್ತದಾ?

ವೈ ಅಂದರೆ ಮಾಡೆಲಿನಲ್ಲಿ ಮೇಲೆ-ಕೆಳಗಿನ ದಿಕ್ಕು. ಪ್ಲಸ್ ವೈ ಅಂದರೆ ಬೀಮ್ ಮೇಲೆ ಸುಮ್ನೆ ಕೂತಿರುವ ಶೂ, ಅಂದರೆ ಪೈಪಿನ ಅಡಿಯ ಪಾದ. ಕೆಳಗಿಳಿಯಲು ಬಿಡುವುದಿಲ್ಲ, ಮೇಲೆದ್ದರೆ ತಡೆಯುವುದೂ ಇಲ್ಲ. ಬರೀ ವೈ ಅಂದರೆ ಎರಡೂ ಕಡೆ ಬಿಗಿ. ಆ ಬಿಗಿ ಡ್ರಾಯಿಂಗಿನಲ್ಲಿಲ್ಲ, ಸೈಟಿನಲ್ಲಿ ಯಾರೂ ಕ್ಲಾಂಪ್ ಹಾಕಿಲ್ಲ. ಮಾಡೆಲಿನಲ್ಲಿ ಮಾತ್ರ ಕಾಣದ ಕೈಯೊಂದು 9 ಕಿಲೋನ್ಯೂಟನ್ ಬಲ ಹಾಕಿ ಪೈಪನ್ನು ಅದುಮಿ ಹಿಡಿದಿರುತ್ತದೆ. ಪ್ರತಿ ಸಪೋರ್ಟಿನ ಲೋಡ್ ಕೊಡುವ ರಿಸ್ಟ್ರೇಂಟ್ ಪಟ್ಟಿ ತೆಗೆದು ನೋಡಿ, ಆ ಬಿಂದುವಿನಲ್ಲಿ ಲೋಡಿನ ಚಿಹ್ನೆ ತಿರುಗಿರುತ್ತದೆ. ಆ ಪುಟವನ್ನು ಜಾಸ್ತಿ ಜನ ತೆರೆಯುವುದೇ ಇಲ್ಲ.

ಪೈಪ್ ಏಳುವುದರಲ್ಲಿ ವಿಚಿತ್ರವೇನೂ ಇಲ್ಲ. 6 ಮೀಟರ್ ಎತ್ತರದ ಕಾರ್ಬನ್ ಸ್ಟೀಲ್ ರೈಸರ್ (ನೆಟ್ಟಗೆ ನಿಂತ ಪೈಪ್) 200 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 14 ಮಿಲಿಮೀಟರ್ ಬೆಳೆಯುತ್ತದೆ. ಬೆಳೆದಾಗ ಮೇಲಿನ ಎಲ್ಬೋ ಪಕ್ಕದ ಶೂವನ್ನೂ ಎತ್ತುತ್ತದೆ. ಈ ಲೆಕ್ಕದ ಸಾಫ್ಟ್‌ವೇರ್ ಸೀಸರ್ ಆಗಲಿ ಆಟೋಪೈಪ್ ಆಗಲಿ, ಯಾವ ಸಪೋರ್ಟ್ ಕೂತಿದೆ, ಯಾವುದು ಎದ್ದಿದೆ ಅಂತ ಊಹಿಸಿ ಲೆಕ್ಕ ಮಾಡುತ್ತದೆ. ಊಹೆ ತಪ್ಪಾದರೆ ಬದಲಿಸಿ ಮತ್ತೆ ಮಾಡುತ್ತದೆ, ಊಹೆಯೂ ಉತ್ತರವೂ ತಾಳೆಯಾಗುವವರೆಗೆ. ಅಷ್ಟು ಕಷ್ಟಪಟ್ಟು ಅದು ಹೇಳಿದ ಸುದ್ದಿಯನ್ನೇ ನಾವು ಅಳಿಸಿಹಾಕುತ್ತೇವೆ.

ಪ್ಲಸ್ ವೈ ಹಾಗೇ ಬಿಟ್ಟವರೂ ಮುಂದಿನ ಹೆಜ್ಜೆಯಲ್ಲಿ ಎಡವುತ್ತಾರೆ. "ಬಿಸಿಯಾದಾಗ ಎದ್ದರೆ ಏಳಲಿ ಬಿಡಿ ಸರ್, ಸಸ್ಟೇನ್ಡ್ ಕೇಸ್ ಪಾಸ್ ಆಗಿದೆಯಲ್ಲ?" ಇದನ್ನು ಎಷ್ಟು ಸಲ ಹೇಳಿದ್ದೇನೋ, ಇನ್ನೊಂದು ಸಲ ಹೇಳುತ್ತೇನೆ. ಸಾಫ್ಟ್‌ವೇರ್ ಆಪರೇಟಿಂಗ್, ಸಸ್ಟೇನ್ಡ್ ಎಂಬ ಎರಡು ಕೇಸುಗಳನ್ನೂ ಬೇರೆಬೇರೆಯಾಗಿಯೇ ಬಿಡಿಸುತ್ತದೆ. ಆಪರೇಟಿಂಗ್ ಕೇಸಿನಲ್ಲಿ ತೂಕ, ಪ್ರೆಶರ್, ಬಿಸಿ ಮೂರೂ ಇವೆ. ಅಲ್ಲಿ ಶೂ ಎದ್ದಿದೆ. ಸಸ್ಟೇನ್ಡ್ ಕೇಸಿನಲ್ಲಿ ತೂಕ, ಪ್ರೆಶರ್ ಮಾತ್ರ, ಬಿಸಿ ಇಲ್ಲ. ಹಾಗಾಗಿ ಅಲ್ಲಿ ಶೂ ನೆಮ್ಮದಿಯಾಗಿ ಬೀಮ್ ಮೇಲಿದೆ, ತೂಕ ಹೊತ್ತಿದೆ. ಆದರೆ ಪ್ಲಾಂಟ್ ಓಡುವಾಗ ಪೈಪ್ ಇರುವುದು ಬಿಸಿಯಾಗಿ ಅಲ್ವಾ? ಆಗ ಆ ತೂಕ ಹೊರುವವರು ಯಾರು? ಅಕ್ಕಪಕ್ಕದ ಸಪೋರ್ಟ್‌ಗಳು, ಇಲ್ಲವೇ ನಾಝಲ್. 5 ಮೀಟರಿಗೊಂದು ಸಪೋರ್ಟ್ ಇದ್ದು ನಡುವಿನದು ಎದ್ದರೆ ಅಂತರ 10 ಮೀಟರ್ ಆಯಿತು. ಬಾಗುವ ಮೊಮೆಂಟ್ ಅಂತರದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ ಹೆಚ್ಚುಕಡಿಮೆ 4 ಪಟ್ಟು. ನೀವು ಪಾಸ್ ಮಾಡಿದ್ದು ತಣ್ಣಗಿನ ಪೈಪನ್ನು.

ಎದ್ದ ಸಪೋರ್ಟ್‌ಗಳನ್ನು ತೆಗೆದು ತೂಕ ಮತ್ತು ಪ್ರೆಶರ್ ಕೇಸನ್ನು ಇನ್ನೊಮ್ಮೆ ಓಡಿಸಿ, ಬಿಸಿಯಲ್ಲಿನ ಅಲವಬಲ್ ಸ್ಟ್ರೆಸ್‌ಗೆ (ಕೋಡ್ ಒಪ್ಪುವ ಮಿತಿಗೆ) ಹೋಲಿಸಿ. ಪ್ರೊಸೆಸ್ ಪೈಪಿಂಗಿನ ಎಎಸ್‌ಎಂಇ ಬಿ31.3 ಕೋಡಿನ ಅಪೆಂಡಿಕ್ಸ್ ಎಸ್‌ನಲ್ಲಿ ಇದಕ್ಕೇ ಒಂದು ಉದಾಹರಣೆ ಇದೆ. ನಿಮ್ಮ ಕಾಂಟ್ರಾಕ್ಟಿನಲ್ಲಿ ಯಾವ ಕೋಡ್, ಯಾವ ಆವೃತ್ತಿ ಅಂತ ನೋಡಿಕೊಂಡೇ ಮುಂದುವರಿಯಿರಿ, ನನ್ನ ಮಾತೇ ಕೊನೆಯಲ್ಲ.

ಒಮ್ಮೆ ಒಂದು ಪಂಪಿನ ಡಿಸ್ಚಾರ್ಜ್ ಲೈನ್. ಶೂ ಎದ್ದಿದೆ, ಕೆಳಗೆ ಕಾಗದ ತೂರಿ ಹೋಗ್ತಿದೆ ಅಂತ ಸೈಟಿನಿಂದ ಫೋನ್ ಬಂತು. ನಾನು ಹೋಗುವಷ್ಟರಲ್ಲಿ ಫಿಟರ್ ಅಲ್ಲಿಗೆ 6 ಮಿಲಿಮೀಟರಿನ ಪ್ಲೇಟ್ ತುರುಕಿ, ಸುತ್ತಿಗೆಯಲ್ಲಿ ಬಡಿದು ಕೂರಿಸಿದ್ದ. "ಈಗ ಕೂತಿದೆ ನೋಡಿ ಸರ್" ಅಂದ, ಖುಷಿಯಿಂದ. ಕೆಲಸಗಾರ ಒಳ್ಳೆಯವನೇ, ಬೈಯಲು ಮನಸ್ಸಾಗಲಿಲ್ಲ. ಪ್ಲಾಂಟ್ ನಿಂತು ಲೈನ್ ತಣ್ಣಗಾದಾಗ ಪೈಪ್ ಇಳಿಯಲು ನೋಡಿತು, ಪ್ಲೇಟ್ ಬಿಡಲಿಲ್ಲ. ನಾಝಲ್ ಫ್ಲೇಂಜಿನ ಬೋಲ್ಟ್ ಸಡಿಲಿಸಿದ್ದೇ ತಡ, ಒಂದು ಕಡೆ ಬಾಯಿ ತೆರೆದುಕೊಂಡಿತು. ಪ್ಲೇಟ್ ಹೊಡೆದು ತೆಗೆದ ಮೇಲೆಯೇ ಪೈಪ್ ತನ್ನ ಜಾಗಕ್ಕೆ ಬಂದದ್ದು. ಬರೀ ವೈ ಹಾಕುವವರು ಮಾಡುವುದೂ ಇದನ್ನೇ, ಸುತ್ತಿಗೆ ಬದಲು ಮೌಸ್ ಹಿಡಿದು.

ಹಾಗಾದರೆ ಏನು ಮಾಡಬೇಕು? ಮೊದಲು ಆ ಸಪೋರ್ಟ್ ಇಲ್ಲದೆಯೇ ಎಲ್ಲ ಕೇಸೂ ಪಾಸ್ ಆಗುತ್ತವೆಯೇ ನೋಡಿ. ಪಾಸ್ ಆದರೆ ಅದನ್ನು ಕಿತ್ತುಹಾಕಿ, ಖರ್ಚೂ ಉಳಿಯಿತು. ಇಲ್ಲವಾದರೆ ರೈಸರಿನಿಂದ ಸ್ವಲ್ಪ ದೂರ ಸರಿಸಿ. ಅದೂ ಆಗದಿದ್ದರೆ ಸ್ಪ್ರಿಂಗ್ ಸಪೋರ್ಟ್, ಪೈಪ್ ಎದ್ದರೂ ಅದು ತೂಕ ಹೊರುತ್ತಲೇ ಇರುತ್ತದೆ. ನಿಜವಾಗಿ ಹಿಡಿದಿಡುವುದೇ ಬೇಕಿದ್ದರೆ ವೈ ಹಾಕಿ, ತಪ್ಪಿಲ್ಲ. ಆದರೆ ಕ್ಲಾಂಪ್ ಡ್ರಾಯಿಂಗಿಗೂ ಬರಲಿ, ಆ ಮೇಲ್ಮುಖ ಲೋಡ್ ಸ್ಟ್ರಕ್ಚರಲ್‌ನವರಿಗೂ ತಲುಪಲಿ. ಮಾಡೆಲಿನಲ್ಲಿ ಶೂ-ಬೀಮ್ ನಡುವಿನ ಘರ್ಷಣೆ 0.3 ಹಾಕಿದ್ದರೆ ಸೊನ್ನೆ ಮಾಡಿಯೂ ಒಮ್ಮೆ ಓಡಿಸಿ, ಕೆಲವೊಮ್ಮೆ ಏಳುವ ಸಪೋರ್ಟೇ ಬದಲಾಗುತ್ತದೆ.

1 ಮಿಲಿಮೀಟರ್ ಎದ್ದಿದೆ ಅಂತ ಮಾತ್ರ ಗಾಬರಿಯಾಗಬೇಡಿ. ಬೀಮ್ ಅಷ್ಟು ಬಾಗಿಯೇ ಇರಬಹುದು, ಮಾಡೆಲ್ ಅದನ್ನು ಕಲ್ಲಿನಂತೆ ಗಟ್ಟಿ ಅಂದುಕೊಂಡಿರುತ್ತದೆ. ಆದರೆ ಆ ಸಪೋರ್ಟ್ ಪಂಪ್ ನಾಝಲಿನ ಪಕ್ಕದ್ದೇ ಆಗಿದ್ದರೆ, ಕಳಿಸುವ ಮುಂಚೆ ನನಗೊಂದು ಫೋನ್ ಮಾಡಿ.