ಮೂರು ಗಂಟೆಯ ಕ್ಯಾಸೆಟ್ಟು ಒಂದೇ ಡಿವಿಡಿಯಲ್ಲಿ ಹಿಡಿಸುವುದೇ?

ಹಳೆಯ ವಿಡಿಯೊ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿ ಡಿವಿಡಿ ಮಾಡಿಕೊಡುವುದು ನನ್ನ ಕೆಲಸ. ಬರುವವರು ಕ್ಯಾಸೆಟ್ಟುಗಳ ಚೀಲವನ್ನು ಮೇಜಿನ ಮೇಲಿಟ್ಟು ಹೇಳುವ ಮೊದಲ ಮಾತು ಬಹುಮಟ್ಟಿಗೆ ಒಂದೇ ಆಗಿರುತ್ತದೆ: "ಎಲ್ಲವನ್ನೂ ಒಂದೇ ಡಿಸ್ಕಿಗೆ ಹಾಕಿಕೊಡಿ." ಆ ಮಾತಿನ ಹಿಂದಿನ ಆಸೆ ನನಗೆ ಅರ್ಥವಾಗುತ್ತದೆ. ಮದುವೆ, ಮಗುವಿನ ಮೊದಲ ಹೆಜ್ಜೆ, ಈಗ ಇಲ್ಲದ ಹಿರಿಯರ ನಗು, ಎಲ್ಲವೂ ಒಂದೇ ಕಡೆ ಕೈಗೆಟುಕುವಂತಿರಲಿ ಎಂದು ಯಾರಿಗಾದರೂ ಅನಿಸುತ್ತದೆ. ಆದರೂ ಹೇಳಲೇಬೇಕು: ನನ್ನ ಕೈಗೆ ಬಂದ ಮನೆಯ ವಿಡಿಯೊಗಳಲ್ಲಿ ಬೂಷ್ಟು ಹಿಡಿದು ಕೆಟ್ಟವುಗಳಿಗಿಂತ ಈ ಒಂದು ಹಟದಿಂದ ಕೆಟ್ಟವುಗಳೇ ಹೆಚ್ಚು.

ಡಿವಿಡಿಯನ್ನು ಇನ್ನೊಂದು ಬಗೆಯ ಕ್ಯಾಸೆಟ್ಟೆಂದು ತಿಳಿಯುವುದರಿಂದಲೇ ತಪ್ಪು ಆರಂಭವಾಗುತ್ತದೆ. ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ ಕಾಲದ ಅಳತೆಯೆಂದರೆ ಟೇಪಿನ ಉದ್ದ. ನಮ್ಮ ದೇಶದ ಟಿವಿಗಳ ಪಾಲ್ ಪದ್ಧತಿಯ ಮಾಮೂಲು ವೇಗದಲ್ಲಿ ಸೆಕೆಂಡಿಗೆ ಸುಮಾರು 23.4 ಮಿಲಿಮೀಟರ್ ಟೇಪು ಸಾಗುತ್ತದೆ, ಆದ್ದರಿಂದ ಮೊದಲ ನಿಮಿಷಕ್ಕೂ ಕೊನೆಯ ನಿಮಿಷಕ್ಕೂ ಸಿಗುವ ಜಾಗ ಒಂದೇ. ಡಿಸ್ಕಿನಲ್ಲಿ ಹಾಗಿಲ್ಲ. ಒಂದು ಪದರದ ಡಿವಿಡಿಯಲ್ಲಿರುವುದು 4.7 ಗಿಗಾಬೈಟ್ ಜಾಗ, ಒಂದು ಬೈಟ್ ಎಂದರೆ ಎಂಟು ಬಿಟ್. ಅದರಲ್ಲಿ ಎಷ್ಟು ಹೊತ್ತಿನ ದೃಶ್ಯವನ್ನು ಇಡುತ್ತೇವೆಯೋ ಅಷ್ಟು ಸೆಕೆಂಡುಗಳಿಗೆ ಆ ಜಾಗ ಹಂಚಿಹೋಗುತ್ತದೆ. ಒಂದು ಗಂಟೆಯದಾದರೆ, ಡಿವಿಡಿಯ ನಿಯಮವು ದೃಶ್ಯಕ್ಕೆ ಒಪ್ಪುವ ಗರಿಷ್ಠ ಪ್ರಮಾಣವಾದ ಸೆಕೆಂಡಿಗೆ 9.8 ಮೆಗಾಬಿಟ್‌ವರೆಗೂ ಹೋಗಬಹುದು. ನಾನು ಸಾಮಾನ್ಯವಾಗಿ 8ನ್ನು ದಾಟುವುದಿಲ್ಲ, ಏಕೆಂದರೆ ಕಂಪ್ಯೂಟರಿನಲ್ಲಿ ಬರೆದ ಡಿಸ್ಕನ್ನು ಅಷ್ಟು ವೇಗವಾಗಿ ಓದಲು ಕೆಲವು ಪ್ಲೇಯರ್‌ಗಳು ತಡವರಿಸುತ್ತವೆ. ಎರಡು ಗಂಟೆಯದಾದರೆ ದೃಶ್ಯ, ಧ್ವನಿ ಎರಡಕ್ಕೂ ಸೇರಿ ಸುಮಾರು 5 ಮೆಗಾಬಿಟ್ ದೊರೆಯುತ್ತದೆ, ಮೂರು ಗಂಟೆಗೆ ಸುಮಾರು ಮೂರೂವರೆ. ಆರು ಗಂಟೆಯೆಂದರೆ 2 ಕೂಡ ಉಳಿಯುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಡಿಸ್ಕಿನ ಮಟ್ಟಿಗೆ ಅಕ್ಷರಶಃ ನಿಜ.

ತೊಂದರೆಯೆಂದರೆ ಸಾಫ್ಟ್‌ವೇರ್ ಇದನ್ನು ಹೇಳುವುದಿಲ್ಲ. ಡಿಸ್ಕಿಗೆ ಹೊಂದಿಸು ಎಂಬ ಗುಂಡಿಯನ್ನು ಒತ್ತಿದರೆ ಆರು ಗಂಟೆಯನ್ನೂ ಹೊಂದಿಸಿಬಿಡುತ್ತದೆ. ಏನನ್ನು ಬಿಟ್ಟು ಹೊಂದಿಸಿತು ಎಂಬುದು ನಮಗೆ ತಿಳಿಯುವುದು ನೋಡುವಾಗಲೇ. ಡಿವಿಡಿಯಲ್ಲಿ ಬಳಸುವ ಎಂಪೆಗ್-2 ಪದ್ಧತಿಯು ಪ್ರತಿಯೊಂದು ಚಿತ್ರವನ್ನೂ ಇಡಿಯಾಗಿ ಬರೆಯುವುದಿಲ್ಲ. ಆಗಾಗ ಒಂದು ಇಡೀ ಚಿತ್ರವನ್ನು ಬರೆದು, ನಡುವಿನ ಚಿತ್ರಗಳಲ್ಲಿ ಬದಲಾದದ್ದನ್ನು ಮಾತ್ರ ಬರೆಯುತ್ತಾ ಹೋಗುತ್ತದೆ. ಹಳೆಯ ಟೇಪಿನಲ್ಲಾದರೋ ಅಲ್ಲಾಡದ ಗೋಡೆಯ ಮೇಲೂ ಮರಳು ಚೆಲ್ಲಿದಂತೆ ಕಣಗಳು ಕುಣಿಯುತ್ತಿರುತ್ತವೆ, ಪ್ರತಿ ಚಿತ್ರದಲ್ಲೂ ಬೇರೆ ಬೇರೆಯಾಗಿ. ಕೈಯಲ್ಲಿ ಹಿಡಿದ ಕ್ಯಾಮೆರಾದ ನಡುಕವೂ ಅದಕ್ಕೆ ಸೇರಿರುತ್ತದೆ. ಟೇಪಿನ ಕಣ ಯಾವುದು, ಅಜ್ಜಿಯ ಕೆನ್ನೆಯ ಸುಕ್ಕು ಯಾವುದು ಎಂದು, ಹೀಗೆ ಕುಗ್ಗಿಸಿ ಬರೆಯುವ ಸಾಫ್ಟ್‌ವೇರಾದ ಎನ್‌ಕೋಡರಿಗೆ ತಿಳಿಯದು; ಅದು ಎರಡನ್ನೂ ಬದಲಾವಣೆಯೆಂದೇ ಎಣಿಸಿ, ಇದ್ದ ಬಿಟ್‌ಗಳನ್ನೆಲ್ಲ ಕಣಗಳಿಗೆ ಸುರಿಯುತ್ತದೆ. ಯಾರಾದರೂ ತಿರುಗಿ ನಕ್ಕಾಗ, ಮಗು ಓಡಿದಾಗ, ಅಂದರೆ ನಮಗೆ ಬೇಕಾದ ಕ್ಷಣದಲ್ಲಿಯೇ, ಬಿಟ್‌ಗಳು ಸಾಲದೆ ಮುಖವು ಚೌಕ ಚೌಕವಾಗಿ ಒಡೆಯುತ್ತದೆ.

ಎರಡೂವರೆ ಗಂಟೆಯ ಸಿನಿಮಾ ಒಂದೇ ಡಿಸ್ಕಿನಲ್ಲಿ ಸ್ವಚ್ಛವಾಗಿ ಬರುತ್ತದಲ್ಲ ಎಂದು ಕೇಳುವವರಿದ್ದಾರೆ. ಅಂಥ ಡಿಸ್ಕು ಹೆಚ್ಚಾಗಿ ಎರಡು ಪದರದ್ದು, 8.5 ಗಿಗಾಬೈಟಿನದು, ಅದಕ್ಕಿಂತ ಮುಖ್ಯವಾಗಿ, ಅದರ ಮೂಲಚಿತ್ರದಲ್ಲಿ ಟೇಪಿನ ಈ ಗದ್ದಲವೇ ಇರುವುದಿಲ್ಲ. ನೋಡಲು ಮಂಕಾದ ವಿಎಚ್‌ಎಸ್ ಚಿತ್ರಕ್ಕೆ ಸಿನಿಮಾಕ್ಕಿಂತ ಹೆಚ್ಚು ಬಿಟ್‌ಗಳು ಬೇಕು ಎಂದರೆ ನಂಬುವುದು ಕಷ್ಟ, ಆದರೆ ನಿಜ.

ಕೆಲವು ವರ್ಷಗಳ ಹಿಂದೆ ಒಬ್ಬ ಹೆಣ್ಣುಮಗಳು ಒಂದು ಡಿಸ್ಕನ್ನು ತಂದು, ತಾಯಿ ಬಾಗಿಲಲ್ಲಿ ನಿಂತು ಕೈಬೀಸುವ ಕೆಲವೇ ಸೆಕೆಂಡುಗಳ ದೃಶ್ಯವನ್ನು ಸರಿಮಾಡಿಕೊಡಬಹುದೇ ಎಂದು ಕೇಳಿದರು. ಬೇರೆಲ್ಲೋ ಮಾಡಿಸಿದ್ದ ಆ ಡಿಸ್ಕಿನಲ್ಲಿ ಎರಡು ಕ್ಯಾಸೆಟ್ಟುಗಳನ್ನು ಅಡಕಲಾಗಿತ್ತು. ಬೀಸಿದ ಕೈಯ ಜಾಗದಲ್ಲಿ ಕಂದು ಬಣ್ಣದ ಚೌಕಗಳಿದ್ದವು. ಕ್ಯಾಸೆಟ್ಟನ್ನು ತನ್ನಿ ಎಂದೆ. "ಡಿಸ್ಕು ಇದೆಯಲ್ಲ ಸರ್, ಅಂತ ಮನೆ ಖಾಲಿ ಮಾಡುವಾಗ ಎಸೆದುಬಿಟ್ಟೆವು," ಎಂದರು. ಹೋದ ವಿವರವನ್ನು ಮರಳಿ ತರುವ ಉಪಾಯ ನನ್ನ ಬಳಿ ಇರಲಿಲ್ಲ. ಅವರಿಗೆ ಹಾಗೆಂದು ಹೇಳಿದ ದಿನದಿಂದ, ಕ್ಯಾಸೆಟ್ಟು ತಂದವರು ಎಷ್ಟೇ ಅವಸರದಲ್ಲಿದ್ದರೂ ಇಷ್ಟನ್ನೆಲ್ಲ ವಿವರಿಸದೆ ನಾನು ಕೆಲಸ ಹಿಡಿಯುವುದಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಒಂದು ಕೆಲಸ, ಡಿವಿಡಿಗೆ ಕುಗ್ಗಿಸುವುದು ಇನ್ನೊಂದು ಕೆಲಸ. ಎರಡನ್ನೂ ಒಂದೇ ಏಟಿಗೆ ಮುಗಿಸಲು ಹೋಗಬಾರದು. ಇಳಿಸಿಕೊಳ್ಳುವಾಗ ಹಾರ್ಡ್ ಡಿಸ್ಕಿನಲ್ಲಿ ಧಾರಾಳವಾಗಿ ಜಾಗ ಕೊಡಿ. ಡಿವಿ ಎಂಬ, ಕಡಿಮೆ ಕುಗ್ಗಿಸುವ ವಿಡಿಯೊ ಮಾದರಿಯಲ್ಲಾದರೆ ಗಂಟೆಗೆ ಸುಮಾರು 13 ಗಿಗಾಬೈಟ್ ಬೇಕಾಗುತ್ತದೆ, ನಷ್ಟವಿಲ್ಲದ ಮಾದರಿಗಳಲ್ಲಿ ಅದಕ್ಕಿಂತ ಹೆಚ್ಚು. ಮೂರು ಗಂಟೆಯ ಟೇಪು ಇಳಿಯಲು ಮೂರು ಗಂಟೆಯೇ ಬೇಕು, ಅದನ್ನು ಅವಸರಪಡಿಸಲಾಗದು. ಕ್ಯಾಸೆಟ್ಟನ್ನು ಓಡಿಸುವ ಯಂತ್ರವಾದ ವಿಸಿಆರ್‌ನಲ್ಲಿ ಬೆಳಕನ್ನೂ ಬಣ್ಣವನ್ನೂ ಬೇರೆ ಬೇರೆಯಾಗಿ ಕಳಿಸುವ ಎಸ್-ವಿಡಿಯೊ ಕಿಂಡಿಯಿದ್ದರೆ, ಎರಡನ್ನೂ ಬೆರೆಸಿ ಕಳಿಸುವ ಹಳದಿ ತಂತಿಯ ಬದಲು ಅದನ್ನೇ ಬಳಸಿ. ಕಂಪ್ಯೂಟರಿನ ಪರದೆಯಲ್ಲಿ ಅಂಚುಗಳು ಬಾಚಣಿಗೆಯ ಹಲ್ಲಿನಂತೆ ಕಂಡರೆ ಅದು ದೋಷವಲ್ಲ: ಪಾಲ್ ವಿಡಿಯೊದ ಸೆಕೆಂಡಿಗೆ 25 ಫ್ರೇಮುಗಳಲ್ಲಿ ಪ್ರತಿಯೊಂದೂ ಎರಡು ಬೇರೆ ಕ್ಷಣಗಳ ಅರ್ಧ ಚಿತ್ರಗಳಿಂದ ಆದದ್ದು. ಆ ಹಲ್ಲುಗಳನ್ನು ಅಳಿಸಲು ಹೋದರೆ ಬಹಳಷ್ಟು ಸಲ ಚಲನೆಯ ಅರ್ಧ ಭಾಗವೇ ಅಳಿದುಹೋಗುತ್ತದೆ. ಡಿವಿಡಿ ಅವನ್ನು ಇದ್ದಂತೆಯೇ ಸ್ವೀಕರಿಸುತ್ತದೆ, ಹಾಗೆಯೇ ಬಿಡಿ.

ಕುಗ್ಗಿಸುವಾಗ ಮೂರು ಗಂಟೆಯ ಕ್ಯಾಸೆಟ್ಟನ್ನು ಎರಡು ಡಿಸ್ಕುಗಳಿಗೆ ಹಂಚಿ. ಮೂರಾದರೆ ಇನ್ನೂ ಒಳ್ಳೆಯದು. ಒಂದರಲ್ಲೇ ಇರಬೇಕೆಂಬ ಒತ್ತಾಯ ತಪ್ಪದಿದ್ದರೆ 720ರ ಬದಲು 352 ಚುಕ್ಕಿಗಳ ಅಗಲ ಮತ್ತು 576 ಗೆರೆಗಳ ಅಳತೆಯನ್ನು ಆರಿಸಬಹುದು. ಡಿವಿಡಿಯ ನಿಯಮದಲ್ಲಿ ಅದಕ್ಕೆ ಅವಕಾಶವಿದೆ. ವಿಎಚ್‌ಎಸ್ ಅಡ್ಡಲಾಗಿ ಹಿಡಿದಿಡುವ ವಿವರವೇ ಸುಮಾರು 240 ಗೆರೆಗಳಷ್ಟಾದ್ದರಿಂದ ಕಳೆದುಕೊಳ್ಳುವುದು ಕಡಿಮೆ, ಬಿಟ್‌ಗಳ ಹಂಚಿಕೆ ಮಾತ್ರ ಸುಧಾರಿಸುತ್ತದೆ. ಇದು ಪ್ರತಿ ಟೇಪಿಗೂ ಒಪ್ಪುತ್ತದೆಂದು ನಾನು ಹೇಳಲಾರೆ. ಮೊದಲು ಅತಿ ಹೆಚ್ಚು ಓಡಾಟವಿರುವ ಐದು ನಿಮಿಷವನ್ನು ಮಾಡಿ ನೋಡಿ, ಆಮೇಲೆ ನಿರ್ಧರಿಸಿ.

ಡಿಸ್ಕು ಸಿದ್ಧವಾದ ಮೇಲೂ ಕಂಪ್ಯೂಟರಿನಲ್ಲಿರುವ ಆ ದೊಡ್ಡ ಕಡತವನ್ನು ಅಳಿಸದೆ ಎರಡು ಪ್ರತ್ಯೇಕ ಹಾರ್ಡ್ ಡಿಸ್ಕುಗಳಲ್ಲಿ ಇಡಿ. ಬರೆಯಬಹುದಾದ ಡಿವಿಡಿಯಲ್ಲಿ ಮಾಹಿತಿಯನ್ನು ಹಿಡಿದಿರುವುದು ಬಣ್ಣದ ಒಂದು ತೆಳುಪದರ, ಅದು ಬೆಳಕಿಗೂ ಶಾಖಕ್ಕೂ ಮಾಸುತ್ತದೆ. ಕಡತವಿದ್ದರೆ ನಾಳೆ ಇನ್ನೊಂದು ಡಿಸ್ಕನ್ನೋ ಡಿಸ್ಕೇ ಅಲ್ಲದ ಇನ್ನೇನನ್ನೋ ಮಾಡಿಕೊಳ್ಳಬಹುದು. ವಿಸಿಆರ್‌ಗಳ ತಯಾರಿಕೆ 2016ರಲ್ಲಿ ನಿಂತುಹೋಗಿರುವುದರಿಂದ ಟೇಪನ್ನು ಮತ್ತೊಮ್ಮೆ ಓಡಿಸಲು ಯಂತ್ರ ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. ಹಾಗೆಂದು ಕ್ಯಾಸೆಟ್ಟನ್ನು ಎಸೆಯಬೇಡಿ. ಪೂರ್ತಿಯಾಗಿ ಹಿಂದಕ್ಕೆ ಸುತ್ತಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ತೇವವಿಲ್ಲದ ಕಡೆ ಇಡಿ. ಮತ್ತು ಅದರ ಅಂಚಿನಲ್ಲಿರುವ ಪುಟ್ಟ ಪ್ಲಾಸ್ಟಿಕ್ ಹಲ್ಲು ಇನ್ನೂ ಉಳಿದಿದ್ದರೆ, ಯಾರೂ ಅರಿಯದೆ ಅದರ ಮೇಲೆ ಬೇರೇನನ್ನೂ ರೆಕಾರ್ಡ್ ಮಾಡದಂತೆ, ಈಗಲೇ ಮುರಿದುಬಿಡಿ.