ಪ್ಲಾಸ್ಮಿಡ್‌ಗೆ ಪಾಲು ಮಾಡುವವರು ಯಾರು?

ಬದಿಯಡ್ಕದಿಂದ ಪ್ಲಸ್ ಟೂ ಓದುವ ಹುಡುಗಿಯೊಬ್ಬಳು ಕೇಳಿದ್ದು: "ಬ್ಯಾಕ್ಟೀರಿಯಾ ಎರಡಾಗುವಾಗ ಕ್ರೋಮೋಸೋಮ್ ಒಂದೊಂದು ಹೋಗ್ತದೆ, ಸರಿ. ಆದ್ರೆ ಪ್ಲಾಸ್ಮಿಡನ್ನು ಪಾಲು ಮಾಡುದು ಯಾರು? ಒಂದು ಮರಿಕೋಶಕ್ಕೆ ಎಂತದೂ ಸಿಗದಿದ್ರೆ?"

ಪ್ಲಾಸ್ಮಿಡ್ ಅಂದ್ರೆ ಬ್ಯಾಕ್ಟೀರಿಯಾದೊಳಗೆ ಕ್ರೋಮೋಸೋಮಿನಿಂದ ಬೇರೆಯಾಗಿರುವ ಸಣ್ಣ ಡಿಎನ್‌ಎ ಉಂಗುರ. ಅದರ ಪಾಲು ಒಂದು ಕೋಶದಲ್ಲಿ ಪ್ಲಾಸ್ಮಿಡ್ ಎಷ್ಟು ಉಂಟು ಅನ್ನುವುದರ ಮೇಲೆ ಹೋಗ್ತದೆ. ಪುಸ್ತಕದ ಚಿತ್ರದಲ್ಲಿ ಒಂದೇ ಒಂದು ಉಂಗುರ ಬರೆದಿರ್ತಾರಲ್ಲ, ಅದೇ ತಲೆ ಕೆಡಿಸುದು. ಅಂಗಳದಲ್ಲಿ ಒಣಗಲಿಕ್ಕೆ ಹಾಕಿದ ಅಡಿಕೆಗೆ ನಡುವಲ್ಲಿ ಒಂದು ಹಗ್ಗ ಎಳೀರಿ, ಎರಡೂ ಬದಿಗೆ ಅಡಿಕೆ ಇದ್ದೇ ಇರ್ತದೆ, ಯಾರೂ ಎಣಿಸಿ ಹಾಕ್ಬೇಕಾಗಿಲ್ಲ. ಲ್ಯಾಬಿನ ಪಿಯುಸಿ19 (ಗಡಿಯಾಚೆಯವರ ಪಿಯುಸಿ ಅಲ್ಲ ಮಾರಾಯ್ರೆ, ಪ್ಲಾಸ್ಮಿಡ್ ಹೆಸರು) ಒಂದು ಕೋಶದಲ್ಲಿ ನೂರಾರು ಇರ್ತದೆ. ಬರೀ 20 ಇದ್ದು, ಒಂದೊಂದೂ ಟಾಸ್ ಹಾಕಿದ ಹಾಗೆ ಆಚೆ ಈಚೆ ಹೋದ್ರೂ ಒಂದು ಮರಿ ಬರಿಗೈಲಿ ಉಳಿಯುವ ಚಾನ್ಸ್ ಸಾಧಾರಣ 5.24 ಲಕ್ಷದಲ್ಲಿ ಒಂದು. ಆದ್ರೆ ಅಡಿಕೆ ಗೊನೆಯಲ್ಲೇ ಇದ್ರೆ ಇಡೀ ಗೊನೆ ಒಂದೇ ಬದಿಗೆ! ಪ್ಲಾಸ್ಮಿಡ್‌ಗಳೂ ಒಂದಕ್ಕೊಂದು ಸೇರಿ ದೊಡ್ಡ ಉಂಗುರ ಆಗುದುಂಟು, ಅದನ್ನು ಬಿಡಿಸ್ಲಿಕ್ಕೆ ಕೋಲ್‌ಇ1 ಅನ್ನುವ ಪ್ಲಾಸ್ಮಿಡ್‌ನಲ್ಲಿ 'ಸರ್' ಅನ್ನುವ ಜಾಗ ಉಂಟು, ಅಲ್ಲಿ ಕೋಶದ್ದೇ ಎನ್‌ಜೈಮು ಬಂದು ಕತ್ತರಿಸಿ ಬಿಡಿ ಬಿಡಿ ಮಾಡ್ತದೆ.

ಎರಡೇ ಇದ್ರೆ? ಟಾಸ್ ನಂಬಿದ್ರೆ ಅರ್ಧಕ್ಕರ್ಧ ಸಲ ಒಂದು ಮರಿಗೆ ಸೊನ್ನೆ. ಹಾಗಾಗಿ ಆರ್1ನಂಥ ಕಮ್ಮಿ ಸಂಖ್ಯೆಯ ಪ್ಲಾಸ್ಮಿಡ್ ತನ್ನದೇ ಯಂತ್ರ ಇಟ್ಕೊಂಡಿದೆ. ಅದರ ಡಿಎನ್‌ಎಯ ಪಾರ್‌ಸಿ ಜಾಗಕ್ಕೆ ಪಾರ್‌ಆರ್ ಪ್ರೋಟೀನ್ ಅಂಟ್ತದೆ, ಎರಡು ಪ್ಲಾಸ್ಮಿಡ್‌ಗಳ ನಡುವೆ ಪಾರ್‌ಎಮ್ ಅನ್ನುವ ಇನ್ನೊಂದು ಪ್ರೋಟೀನ್ ಕೋಲಿನ ಹಾಗೆ ಉದ್ದ ಬೆಳೀತಾ ಬೆಳೀತಾ ಒಂದನ್ನು ಈ ತುದಿಗೆ, ಇನ್ನೊಂದನ್ನು ಆ ತುದಿಗೆ ದೂಡ್ತದೆ, ಎರಡೂ ಕಡೆ ಹಿಡಿತ ಸಿಗದ ಕೋಲು ಅಲ್ಲೇ ಕುಸಿದು ಬೀಳ್ತದೆ. ಎಫ್ ಪ್ಲಾಸ್ಮಿಡ್‌ನದ್ದು ಬೇರೆ ಉಪಾಯ, ಅದು ಕ್ರೋಮೋಸೋಮಿನ ಮೇಲೆ ಹರಡಿರುವ ಸೋಪ್‌ಎ ಪ್ರೋಟೀನನ್ನು ಹಿಡ್ಕೊಂಡು ಸರೀತದೆ.

ಇಷ್ಟಾದ್ರೂ ತಪ್ಪಿದ್ರೆ ಎಂತ? ನಂಗೆ ಈ ಭಾಗವೇ ಜಾಸ್ತಿ ಇಷ್ಟ, ಸ್ವಲ್ಪ ಕ್ರೂರ ಆದ್ರೂ. ಆರ್1 ಒಟ್ಟೊಟ್ಟಿಗೆ ವಿಷವನ್ನೂ ಮದ್ದನ್ನೂ ತಯಾರು ಮಾಡ್ತದೆ. ಹಾಕ್ ಅನ್ನುವ ವಿಷ ತಯಾರಾಗುವ ಆರ್‌ಎನ್‌ಎ (ಜೀನಿನ ನಕಲು) ಬಹಳ ಹೊತ್ತು ಬಾಳ್ತದೆ, ಅದನ್ನು ಕಟ್ಟಿಹಾಕುವ ಸಾಕ್ ಆರ್‌ಎನ್‌ಎ ಬೇಗ ಹಾಳಾಗ್ತದೆ. ಪ್ಲಾಸ್ಮಿಡ್ ಇದ್ರೆ ಸಾಕ್ ಹೊಸದಾಗಿ ಬರ್ತಾ ಇರ್ತದೆ, ಇಲ್ಲದ ಮರಿಯಲ್ಲಿ ಸಾಕ್ ಮುಗೀತದೆ, ಹಾಕ್ ಮಾತ್ರ ಉಳೀತದೆ, ಕೋಶದ ಪೊರೆ ಕೆಟ್ಟು ಮರಿ ಸಾಯ್ತದೆ. ಈ ಆರ್1 ಹೊತ್ತಿರುದು ಆಂಟಿಬಯಾಟಿಕ್ಕಿಗೆ ಬಗ್ಗದ ಜೀನುಗಳನ್ನು. ಆಂಟಿಬಯಾಟಿಕ್ ನಿಲ್ಲಿಸಿದ ಕೂಡ್ಲೆ ಬ್ಯಾಕ್ಟೀರಿಯಾ ಅದನ್ನು ಬಿಟ್ಟುಬಿಡ್ತದೆ ಅಂತ ಹೇಳ್ಲಿಕ್ಕಾಗುದಿಲ್ಲ, ಬಿಟ್ಟದ್ದು ಹೆಚ್ಚಾಗಿ ಬದುಕುದೇ ಇಲ್ಲ.